ಬಾಲ್ ಪೈಥಾನ್‌ಗೆ ಗೂಡಿನ ಆಯ್ಕೆ: ಗಾಜಿನ ಅಂದಕ್ಕಿಂತ ಹುತ್ತದ ಗುಣ ಮುಖ್ಯ

ಗೆದ್ದಲು ಕಟ್ಟಿದ ಹುತ್ತ ಹಾವಿನ ಪಾಲಾಯಿತು ಎಂಬ ಮಾತು ಕನ್ನಡಿಗರಿಗೆ ಹೊಸದಲ್ಲ. ಆಫ್ರಿಕದ ಬಾಲ್ ಪೈಥಾನ್ ಎಂಬ ಪುಟ್ಟ ಹೆಬ್ಬಾವಿನ ಮಟ್ಟಿಗಂತೂ ಇದು ಅಕ್ಷರಶಃ ಸತ್ಯ. ಗೆದ್ದಲುಗಳು ತೊರೆದ ಹುತ್ತ, ಇಲಿ ಹೆಗ್ಗಣಗಳು ತೋಡಿದ ಬಿಲ ಇವೇ ಅದರ ಮನೆ. ಹಗಲೆಲ್ಲ ಅಲ್ಲಿಯ ಕತ್ತಲಲ್ಲಿ ಸುರುಳಿ ಸುತ್ತಿ ಮಲಗಿದ್ದು, ಇರುಳಿನಲ್ಲಿ ಬೇಟೆಗೆ ಹೊರಡುವ ಈ ಹಾವು ಇಂದು ಅಮೆರಿಕ ಮತ್ತು ಯುರೋಪಿನ ಮನೆಗಳಲ್ಲಿ ಅತಿ ಹೆಚ್ಚಾಗಿ ಸಾಕುವ ಹಾವುಗಳಲ್ಲೊಂದು. ಭಾರತದ ನಗರಗಳಲ್ಲಿಯೂ ಇದನ್ನು ಸಾಕುವವರಿದ್ದಾರೆ.

ನಾಯಿಗೆ ಅಂಗಳವಿದೆ, ಬೆಕ್ಕಿಗೆ ಇಡೀ ಮನೆಯಿದೆ. ಸಾಕಿದ ಹಾವಿಗೆ ಮಾತ್ರ ಅದರ ಗೂಡೇ ಪ್ರಪಂಚ. ಶಾಖ, ತೇವ, ನೆರಳು, ನೀರು, ಅಡಗುವ ಮರೆ ಎಲ್ಲವೂ ಆ ನಾಲ್ಕು ಗೋಡೆಗಳೊಳಗೇ ಒದಗಬೇಕು. ಬಾಲ್ ಪೈಥಾನ್ ಸಾಕಣೆಯಲ್ಲಿ 20ರಿಂದ 30 ವರ್ಷ ಬದುಕುವುದು ಸಾಮಾನ್ಯ. ಅಂಗಡಿಯಲ್ಲಿ ಹತ್ತು ನಿಮಿಷದಲ್ಲಿ ಆರಿಸಿದ ಪೆಟ್ಟಿಗೆಯಲ್ಲಿ ಒಂದು ಜೀವಿ ಇಷ್ಟು ದೀರ್ಘಕಾಲ ಕಳೆಯಬೇಕಾಗುತ್ತದೆ ಎಂಬುದನ್ನು ನೆನೆದರೆ ಗೂಡಿನ ಆಯ್ಕೆಯ ಮಹತ್ವ ತಾನಾಗಿಯೇ ತಿಳಿಯುತ್ತದೆ.

ಹಾವಿನ ಪರಿಚಯ

ಪೈಥಾನ್ ರೀಜಿಯಸ್ ಎಂಬುದು ಇದರ ವೈಜ್ಞಾನಿಕ ಹೆಸರು. ರೀಜಿಯಸ್ ಎಂದರೆ ಲ್ಯಾಟಿನ್ ಭಾಷೆಯಲ್ಲಿ ರಾಜಯೋಗ್ಯ ಎಂದರ್ಥ. ಆದ್ದರಿಂದಲೇ ಬ್ರಿಟನ್ ಮೊದಲಾದ ಕಡೆಗಳಲ್ಲಿ ಇದನ್ನು ರಾಯಲ್ ಪೈಥಾನ್ ಎಂದು ಕರೆಯುತ್ತಾರೆ. 1802ರಲ್ಲಿ ಜಾರ್ಜ್ ಶಾ ಎಂಬ ಆಂಗ್ಲ ಪ್ರಾಣಿಶಾಸ್ತ್ರಜ್ಞ ಇದನ್ನು ಮೊದಲಿಗೆ ವರ್ಣಿಸಿದ. ಹೆದರಿದಾಗ ಕಚ್ಚಲು ಮುನ್ನುಗ್ಗುವ ಬದಲು ತಲೆಯನ್ನು ನಡುವೆ ಇರಿಸಿಕೊಂಡು ಚೆಂಡಿನಂತೆ ಬಿಗಿಯಾಗಿ ಸುತ್ತಿಕೊಳ್ಳುವ ಸ್ವಭಾವದಿಂದ ಬಾಲ್ ಪೈಥಾನ್ ಎಂಬ ಹೆಸರು ಬಂದಿದೆ. ಇದು ವಿಷರಹಿತ ಹಾವು.

ಪಶ್ಚಿಮದಲ್ಲಿ ಸೆನೆಗಲ್‌ನಿಂದ ಪೂರ್ವದಲ್ಲಿ ಉಗಾಂಡದವರೆಗೆ ಹುಲ್ಲುಗಾವಲು, ಕುರುಚಲು ಕಾಡು ಮತ್ತು ಬೇಸಾಯದ ಭೂಮಿಗಳಲ್ಲಿ ಇದರ ನೆಲೆ. ಬೆನಿನ್ ದೇಶದ ಉಯಿದಾ ಪಟ್ಟಣದಲ್ಲಿ ಈ ಹಾವುಗಳಿಗೆಂದೇ ಒಂದು ದೇಗುಲವಿದ್ದು, ಸ್ಥಳೀಯರು ಅವುಗಳನ್ನು ಪೂಜ್ಯವೆಂದು ಭಾವಿಸುತ್ತಾರೆ. ನಾಗರಕಲ್ಲಿಗೆ ಹಾಲೆರೆಯುವ ನಾಡಿನವರಿಗೆ ಈ ಭಾವನೆ ಅಪರಿಚಿತವೇನಲ್ಲ.

ಮೊಟ್ಟೆಯೊಡೆದು ಬಂದ ಮರಿ ಸುಮಾರು 25ರಿಂದ 43 ಸೆಂ.ಮೀ. ಉದ್ದವಿರುತ್ತದೆ. ಬೆಳೆದ ಗಂಡು ಸಾಮಾನ್ಯವಾಗಿ 90ರಿಂದ 110 ಸೆಂ.ಮೀ., ಹೆಣ್ಣು 120ರಿಂದ 150 ಸೆಂ.ಮೀ. ಮುಟ್ಟುತ್ತವೆ. ಅಪರೂಪಕ್ಕೆ 180 ಸೆಂ.ಮೀ. ತಲುಪುವ ಹೆಣ್ಣುಗಳೂ ಉಂಟು. ಆಯಸ್ಸಿನ ವಿಷಯದಲ್ಲಿ ಅಮೆರಿಕದ ಸೇಂಟ್ ಲೂಯಿ ಮೃಗಾಲಯದ ಹೆಣ್ಣು ಹಾವೊಂದು ಸುದ್ದಿ ಮಾಡಿತ್ತು. 1961ರಲ್ಲಿ ಮೃಗಾಲಯ ಸೇರಿದ ಆ ಹಾವು 2020ರ ಜುಲೈನಲ್ಲಿ, 62 ವರ್ಷವೆಂದು ಅಂದಾಜಿಸಲಾದ ವಯಸ್ಸಿನಲ್ಲಿ, 7 ಮೊಟ್ಟೆಗಳನ್ನಿಟ್ಟಿತು.

ಹುತ್ತ ಕಲಿಸುವ ಪಾಠ

ಗೂಡು ಹೇಗಿರಬೇಕೆಂಬ ಪ್ರಶ್ನೆಗೆ ಉತ್ತರ ಹುತ್ತದಲ್ಲಿಯೇ ಇದೆ. ಹುತ್ತದೊಳಗೆ ಕತ್ತಲಿದೆ. ಮೈಗೆ ತಾಗುವಷ್ಟು ಇಕ್ಕಟ್ಟಿದೆ. ಹೊರಗೆ ಬಿಸಿಲು ಸುಡುತ್ತಿದ್ದರೂ ಒಳಗೆ ಹಿತವಾದ ಶಾಖವಿದೆ. ಹೊರಗಿನ ಗಾಳಿ ಒಣಗಿದ್ದರೂ ಒಳಗೆ ಮಣ್ಣಿನ ಪಸೆಯಿದೆ. ಈ ನಾಲ್ಕು ಗುಣಗಳನ್ನು ಕೊಡಬಲ್ಲ ಗೂಡು ಒಳ್ಳೆಯ ಗೂಡು. ಇವುಗಳಲ್ಲಿ ಒಂದು ತಪ್ಪಿದರೂ ಹಾವು ಸೊರಗುತ್ತದೆ.

ಆದರೆ ಹಾವು ಇಡೀ ಬದುಕನ್ನು ಹುತ್ತದೊಳಗೇ ಕಳೆಯುವುದಿಲ್ಲ ಎಂಬುದನ್ನೂ ಮರೆಯುವಂತಿಲ್ಲ. ಆಗ್ನೇಯ ನೈಜೀರಿಯದ ಮಳೆಕಾಡುಗಳಲ್ಲಿ ನಡೆದು 1998ರಲ್ಲಿ ಪ್ರಕಟವಾದ ಅಧ್ಯಯನವೊಂದು ಈ ಹಾವುಗಳ ಆಹಾರವನ್ನು ಪರಿಶೀಲಿಸಿತು. ಚಿಕ್ಕ ಹಾವುಗಳು ಮತ್ತು ಗಂಡುಗಳು ಹೆಚ್ಚಾಗಿ ಹಕ್ಕಿಗಳನ್ನೂ, ದೊಡ್ಡ ಹೆಣ್ಣುಗಳು ಹೆಚ್ಚಾಗಿ ಇಲಿಯಂತಹ ಸಸ್ತನಿಗಳನ್ನೂ ತಿನ್ನುತ್ತಿದ್ದುದು ಅದರಿಂದ ಕಂಡುಬಂತು. ಹಕ್ಕಿಯನ್ನು ಹಿಡಿಯಬೇಕಾದರೆ ಮರವೇರಬೇಕು. ನೆಲಕ್ಕೆ ಅಂಟಿಕೊಂಡೇ ಇರುವ ಸೋಮಾರಿ ಹಾವೆಂಬ ಹೆಸರು ಹೊತ್ತ ಬಾಲ್ ಪೈಥಾನ್ ಇರುಳಿನಲ್ಲಿ ಏರುತ್ತದೆ, ತಿರುಗುತ್ತದೆ, ಹುಡುಕುತ್ತದೆ. ಹಗಲಿಗೆ ಹುತ್ತದ ಮರೆ, ಇರುಳಿಗೆ ಓಡಾಟದ ಜಾಗ ಇವೆರಡನ್ನೂ ಒಂದೇ ಗೂಡು ಒದಗಿಸಬೇಕಾಗುತ್ತದೆ.

ಎಷ್ಟು ದೊಡ್ಡದಿರಬೇಕು?

ಗೂಡಿನ ಉದ್ದ ಮತ್ತು ಅಗಲಗಳನ್ನು ಕೂಡಿಸಿದರೆ ಹಾವಿನ ಉದ್ದಕ್ಕೆ ಸಮನಾದರೆ ಸಾಕೆಂಬ ಲೆಕ್ಕ ಹಿಂದೆ ಚಾಲ್ತಿಯಲ್ಲಿತ್ತು. ಇದರ ಪ್ರಕಾರ 120 ಸೆಂ.ಮೀ. ಹಾವಿಗೆ 80 ಸೆಂ.ಮೀ. ಉದ್ದ, 40 ಸೆಂ.ಮೀ. ಅಗಲದ ಪೆಟ್ಟಿಗೆ ಸಾಕಾಗುತ್ತಿತ್ತು. ಅಂತಹ ಪೆಟ್ಟಿಗೆಯಲ್ಲಿ ಹಾವು ಒಮ್ಮೆಯೂ ಮೈಯನ್ನು ಪೂರ್ತಿ ನೀಡುವಂತಿಲ್ಲ. ಹಾವುಗಳಿಗೆ ಮೈ ನೀಡುವ ಅಗತ್ಯವೇ ಇಲ್ಲವೆಂಬ ನಂಬಿಕೆಯನ್ನು 2019ರಲ್ಲಿ ಪ್ರಕಟವಾದ ಅಧ್ಯಯನವೊಂದು ಪ್ರಶ್ನಿಸಿತು. ವಿವಿಧ ಜಾತಿಯ 65 ಹಾವುಗಳನ್ನು ಒಂದು ಗಂಟೆ ಕಾಲ ಗಮನಿಸಿದಾಗ 24 ಹಾವುಗಳು ಮೈಯನ್ನು ನೇರವಾಗಿ ಅಥವಾ ಬಹುತೇಕ ನೇರವಾಗಿ ಚಾಚಿದ್ದವು.

ಈಗ ಹೆಚ್ಚಿನ ಅನುಭವಿಗಳು ಒಪ್ಪುವ ಅಳತೆ ಹೀಗಿದೆ: ಗೂಡಿನ ಉದ್ದ ಹಾವಿನ ಉದ್ದಕ್ಕಿಂತ ಕಡಿಮೆಯಿರಬಾರದು, ಅಗಲ ಮತ್ತು ಎತ್ತರಗಳು ಅದರ ಅರ್ಧದಷ್ಟಾದರೂ ಇರಬೇಕು. ಬೆಳೆದ ಬಾಲ್ ಪೈಥಾನ್‌ಗೆ ಇದು 4 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರ, ಅಂದರೆ ಸುಮಾರು 120 x 60 x 60 ಸೆಂ.ಮೀ. ಆಗುತ್ತದೆ. ಐದು ಅಡಿ ಬೆಳೆದ ಹೆಣ್ಣಿಗೆ ಗೂಡೂ ಐದು ಅಡಿ ಉದ್ದವಿರುವುದು ಲೇಸು.

ದೊಡ್ಡ ಗೂಡಿನಲ್ಲಿ ಬಾಲ್ ಪೈಥಾನ್ ಹೆದರಿ ಆಹಾರ ಬಿಡುತ್ತದೆ ಎಂಬ ಮಾತು ಸಾಕುವವರಲ್ಲಿ ಬಹಳ ಪ್ರಚಲಿತ. ಇದರಲ್ಲಿ ಅರ್ಧ ಸತ್ಯವಿದೆ. ಖಾಲಿ ಗೂಡಿನಲ್ಲಿ, ಒಂದು ಮೂಲೆಯಲ್ಲಿ ಅಡಗುತಾಣ, ಇನ್ನೊಂದು ಮೂಲೆಯಲ್ಲಿ ನೀರಿನ ಬಟ್ಟಲು ಇಟ್ಟು ನಡುವೆ ಬಯಲು ಬಿಟ್ಟರೆ ಹಾವು ಹೆದರುವುದು ಸಹಜ. ಕಾಡಿನಲ್ಲಿ ಬಯಲೆಂದರೆ ಹದ್ದಿನ ಕಣ್ಣು. ಅದೇ ಗೂಡನ್ನು ಕೊಂಬೆ, ತೊಗಟೆ, ಕೃತಕ ಎಲೆಗಳಿಂದ ತುಂಬಿ, ಒಂದು ಮರೆಯಿಂದ ಇನ್ನೊಂದು ಮರೆಗೆ ಬಯಲಿಗೆ ಬೀಳದೆ ಹೋಗುವಂತೆ ಮಾಡಿದರೆ ಭಯಕ್ಕೆ ಕಾರಣವಿರುವುದಿಲ್ಲ. ಹಾವನ್ನು ಬೆದರಿಸುವುದು ಗೂಡಿನ ಗಾತ್ರವಲ್ಲ, ಮರೆಯಿಲ್ಲದ ಬಯಲು. ಹೀಗೆ ತುಂಬಿದ ಗೂಡಿನಲ್ಲಿ ಮರಿಯನ್ನೂ ಮೊದಲ ದಿನದಿಂದಲೇ ಇರಿಸಬಹುದು. ಇಲ್ಲವಾದರೆ ಮೊದಲ ವರ್ಷಕ್ಕೆ 60 x 45 ಸೆಂ.ಮೀ. ತಳದ ಚಿಕ್ಕ ಗೂಡು, ಆ ಬಳಿಕ ಶಾಶ್ವತ ಗೂಡು ಎಂದು ಎರಡು ಹಂತ ಮಾಡಿಕೊಳ್ಳುವುದುಂಟು.

ಡ್ರಾಯರ್ ಪದ್ಧತಿಯ ವಿವಾದ

ವಿದೇಶಗಳಲ್ಲಿ ವಾಣಿಜ್ಯ ಉದ್ದೇಶಕ್ಕಾಗಿ ಹಾವುಗಳನ್ನು ತಳಿಬೆಳೆಸುವವರು ರ‍್ಯಾಕ್ ಎಂಬ ವ್ಯವಸ್ಥೆಯನ್ನು ಬಳಸುತ್ತಾರೆ. ಬೀರುವಿನ ಡ್ರಾಯರುಗಳಂತೆ ಒಂದರ ಮೇಲೊಂದು ಜೋಡಿಸಿದ ತಗ್ಗಾದ ಪ್ಲಾಸ್ಟಿಕ್ ತೊಟ್ಟಿಗಳು, ಹಿಂಬದಿಯಲ್ಲಿ ಬಿಸಿ ಪಟ್ಟಿ, ಒಳಗೆ ಒಂದು ನೀರಿನ ಬಟ್ಟಲು ಇಷ್ಟೇ ಅದರ ಸ್ವರೂಪ. ಕಡಿಮೆ ಜಾಗ, ಕಡಿಮೆ ಖರ್ಚು, ಸುಲಭವಾದ ಸ್ವಚ್ಛತೆ ಇದರ ಅನುಕೂಲಗಳು. ಶಾಖ ಮತ್ತು ತೇವಾಂಶ ಸ್ಥಿರವಾಗಿರುವುದರಿಂದ ಹಾವುಗಳು ಆಹಾರವನ್ನೂ ತೆಗೆದುಕೊಳ್ಳುತ್ತವೆ.

ಆದರೆ ಆಹಾರ ತೆಗೆದುಕೊಳ್ಳುವುದೊಂದೇ ಆರೋಗ್ಯದ ಲಕ್ಷಣವೇ ಎಂಬ ಪ್ರಶ್ನೆಯನ್ನು ಜರ್ಮನಿಯ ಸಂಶೋಧಕರು ಎತ್ತಿದ್ದಾರೆ. ಬಾಲ್ ಪೈಥಾನ್‌ಗಳನ್ನು ರ‍್ಯಾಕ್‌ನಲ್ಲಿಯೂ, ಸಜ್ಜುಗೊಳಿಸಿದ ಟೆರೇರಿಯಂನಲ್ಲಿಯೂ ಇರಿಸಿ ವರ್ತನೆಯನ್ನು ಹೋಲಿಸಿದ ಅವರ ಅಧ್ಯಯನ 2021ರಲ್ಲಿ ಪ್ಲಾಸ್ ಒನ್ ನಿಯತಕಾಲಿಕೆಯಲ್ಲಿ ಪ್ರಕಟವಾಯಿತು. ಹತ್ತುವುದು, ಶಾಖ ಕಾಯಿಸಿಕೊಳ್ಳುವುದು, ನೆಲಹಾಸಿನಲ್ಲಿ ಹೂತುಕೊಳ್ಳುವುದು ಮೊದಲಾದ ಸಹಜ ವರ್ತನೆಗಳಿಗೆ ರ‍್ಯಾಕ್ ಅವಕಾಶ ಕೊಡುವುದಿಲ್ಲವಾದ್ದರಿಂದ ಅದು ಈ ಹಾವಿಗೆ ತಕ್ಕ ವಸತಿಯಲ್ಲ ಎಂಬುದು ಅವರ ತೀರ್ಮಾನ. ಮನೆಯಲ್ಲಿ ಒಂದೆರಡು ಹಾವು ಸಾಕುವವರಿಗೆ ನೂರಾರು ಹಾವುಗಳ ವ್ಯಾಪಾರಿಯ ಲೆಕ್ಕಾಚಾರ ಅನ್ವಯಿಸಬೇಕಾಗಿಲ್ಲ. ಕಾಯಿಲೆ ಬಿದ್ದ ಅಥವಾ ಹೊಸದಾಗಿ ಬಂದ ಹಾವನ್ನು ತಾತ್ಕಾಲಿಕವಾಗಿ ಇರಿಸಲು ಮಾತ್ರ ಸರಳವಾದ ಪ್ಲಾಸ್ಟಿಕ್ ತೊಟ್ಟಿ ಉಪಯುಕ್ತ.

ಗಾಜೋ, ಮರವೋ, ಪಿವಿಸಿಯೋ?

ಗಾಜು: ನೋಟಕ್ಕೆ ಚೆಂದ, ತೊಳೆಯಲು ಸುಲಭ, ತೇವದಿಂದ ಕೆಡುವುದಿಲ್ಲ. ಆದರೆ ಗಾಜು ಶಾಖವನ್ನು ಬೇಗನೆ ಕಳೆದುಕೊಳ್ಳುತ್ತದೆ. ಮೇಲ್ಭಾಗ ಜಾಲರಿಯಾಗಿದ್ದರೆ ತೇವಾಂಶವೂ ನಿಲ್ಲುವುದಿಲ್ಲ. ನಾಲ್ಕು ಕಡೆಯೂ ಪಾರದರ್ಶಕವಾಗಿರುವುದು ಹಾವಿಗೆ ಬಯಲಿನಲ್ಲಿ ಕುಳಿತ ಅನುಭವ. ಗಾಜಿನದ್ದೇ ಬೇಕೆಂದಾದರೆ ಮೂರು ಬದಿಗಳಿಗೆ ಹೊರಗಿನಿಂದ ಕಪ್ಪು ಹಾಳೆ ಅಥವಾ ಕಾರ್ಕ್ ಹಾಳೆ ಅಂಟಿಸಿ, ಮೇಲಿನ ಜಾಲರಿಯ ಹೆಚ್ಚಿನ ಭಾಗವನ್ನು ಮುಚ್ಚಬೇಕಾಗುತ್ತದೆ. ಮೀನಿನ ಹಳೆಯ ಅಕ್ವೇರಿಯಂ ಬಳಸುವವರು ಇನ್ನೊಂದು ತೊಡಕನ್ನು ಗಮನಿಸಬೇಕು. ಅದು ಮೇಲಿನಿಂದ ಮಾತ್ರ ತೆರೆಯುತ್ತದೆ. ಮೇಲಿನಿಂದ ಇಳಿದು ಬರುವ ಕೈ ಹಾವಿಗೆ ಹದ್ದಿನಂತೆಯೇ ತೋರುತ್ತದೆ.

ಪಿವಿಸಿ: ಶಾಖ ಮತ್ತು ತೇವಾಂಶಗಳೆರಡನ್ನೂ ಚೆನ್ನಾಗಿ ಹಿಡಿದಿಡುತ್ತದೆ, ಹಗುರ, ಕೊಳೆಯುವುದಿಲ್ಲ. ಮುಂಬದಿಯಲ್ಲಿ ಗಾಜಿನ ಬಾಗಿಲಿದ್ದು ಉಳಿದ ಬದಿಗಳು ಮುಚ್ಚಿರುವ ಪಿವಿಸಿ ಗೂಡನ್ನು ಬಾಲ್ ಪೈಥಾನ್‌ಗೆ ಅತ್ಯಂತ ಸೂಕ್ತವೆಂದು ಈಗ ಪರಿಗಣಿಸಲಾಗುತ್ತದೆ. ವಿದೇಶಗಳಲ್ಲಿ ಸಿದ್ಧ ಗೂಡುಗಳೇ ದೊರೆಯುತ್ತವೆ. ಇಲ್ಲಿ ಅಡುಗೆಮನೆಯ ಕಪಾಟುಗಳಿಗೆ ಬಳಸುವ ಪಿವಿಸಿ ಹಲಗೆಗಳಿಂದ ಬಡಗಿಗಳು ಇಂತಹ ಗೂಡನ್ನು ಮಾಡಿಕೊಡಬಲ್ಲರು.

ಮರ ಮತ್ತು ಪ್ಲೈವುಡ್: ಶಾಖವನ್ನು ಉಳಿಸಿಕೊಳ್ಳುವುದರಲ್ಲಿ ಮರಕ್ಕೆ ಸಾಟಿಯಿಲ್ಲ. ತೇವಾಂಶವೇ ಅದರ ಶತ್ರು. ಒಳಮೈಗೆ ಮತ್ತು ಸಂದುಗಳಿಗೆ ನೀರು ಇಳಿಯದಂತೆ ಲೇಪ ಕೊಡದಿದ್ದರೆ ಕೆಲವೇ ತಿಂಗಳುಗಳಲ್ಲಿ ಹಲಗೆ ಉಬ್ಬಿ ಬೂಷ್ಟು ಹಿಡಿಯುತ್ತದೆ. ಲೇಪದ ವಾಸನೆ ಸಂಪೂರ್ಣ ಹೋಗುವವರೆಗೆ ಗೂಡನ್ನು ವಾರಗಟ್ಟಲೆ ಗಾಳಿಗೆ ತೆರೆದಿಡಬೇಕು. ಮೂಗಿಗೆ ಇನ್ನೂ ವಾಸನೆ ಬಡಿಯುತ್ತಿದ್ದರೆ ಅದು ಹಾವಿಗೆ ಸಿದ್ಧವಾಗಿಲ್ಲವೆಂದೇ ಅರ್ಥ.

ತಂತಿ ಜಾಲರಿಯ ಪಂಜರ: ಹಕ್ಕಿ, ಮೊಲಗಳಿಗೆ ಬಳಸುವ ಪಂಜರ ಹಾವಿಗೆ ಸಲ್ಲದು. ಶಾಖ ನಿಲ್ಲುವುದಿಲ್ಲ, ತೇವ ನಿಲ್ಲುವುದಿಲ್ಲ, ಜಾಲರಿಗೆ ಮೂತಿ ಉಜ್ಜಿ ಗಾಯವಾಗುತ್ತದೆ.

ಬಾಗಿಲು, ಬೀಗ, ಗಾಳಿ

ಹಾವು ದಿನವೂ ಗೂಡಿನ ಅಂಚುಗಳನ್ನು ತಡಕುತ್ತದೆ. ತಲೆ ತೂರುವಷ್ಟು ಸಂದು ಸಿಕ್ಕಿದರೆ ಮೈ ಹಿಂಬಾಲಿಸುತ್ತದೆ. ಕಿರುಬೆರಳು ಹೋಗುವಷ್ಟು ಸಂದು ಮರಿಗೆ ಧಾರಾಳ. ಸರಿಯುವ ಗಾಜಿನ ಬಾಗಿಲಿಗೆ ಅಂಗಡಿಗಳ ಷೋಕೇಸಿಗೆ ಹಾಕುವ ಬೀಗ ಅಗತ್ಯ. ಮುಚ್ಚಳಕ್ಕೆ ಇಟ್ಟಿಗೆ ಹೇರಿದರೆ ಸಾಕೆಂಬ ಧೈರ್ಯ ಒಳ್ಳೆಯದಲ್ಲ. ಅಪಾರ್ಟ್‌ಮೆಂಟಿನಲ್ಲಿ ಹಾವು ತಪ್ಪಿಸಿಕೊಂಡರೆ ಅಕ್ಕಪಕ್ಕದವರಿಗೆ ಅದು ವಿಷರಹಿತವೆಂದು ತಿಳಿಯುವ ಮೊದಲೇ ಅದರ ತಲೆಗೆ ದೊಣ್ಣೆಯೇಟು ಬಿದ್ದಿರುತ್ತದೆ.

ಗಾಳಿಯಾಡಲು ತಣ್ಣನೆಯ ಬದಿಯಲ್ಲಿ ಕೆಳಗೂ, ಬಿಸಿ ಬದಿಯಲ್ಲಿ ಮೇಲೂ ಕಿಂಡಿಗಳಿದ್ದರೆ ತಣ್ಣನೆಯ ಗಾಳಿ ಒಳಬಂದು ಬಿಸಿಗಾಳಿ ಮೇಲಿನಿಂದ ಹೊರಹೋಗುತ್ತದೆ. ಕಿಂಡಿ ತೀರ ಕಡಿಮೆಯಾದರೆ ಬೂಷ್ಟು, ತೀರ ಹೆಚ್ಚಾದರೆ ಒಣಗಾಳಿ. ಗೂಡನ್ನು ನೇರ ಬಿಸಿಲು ಬೀಳುವ ಕಿಟಕಿಯ ಬಳಿ ಇಡಲೇಬಾರದು. ಮುಚ್ಚಿದ ಗಾಜಿನ ಪೆಟ್ಟಿಗೆ ಬಿಸಿಲಿನಲ್ಲಿ ಅಲ್ಪಕಾಲದಲ್ಲಿಯೇ ಕುಲುಮೆಯಾಗಿ ಹಾವು ಸಾಯುತ್ತದೆ. ಗೂಡಿರುವ ಕೋಣೆಯಲ್ಲಿ ಸೊಳ್ಳೆಬತ್ತಿ ಉರಿಸುವುದು, ಜಿರಳೆ ಔಷಧ ಸಿಂಪಡಿಸುವುದು ಕೂಡ ವರ್ಜ್ಯ.

ಶಾಖ: ಎರಡು ಬದಿ, ಎರಡು ಹವೆ

ಹಾವು ಶೀತರಕ್ತ ಪ್ರಾಣಿ. ತನ್ನ ಮೈಯನ್ನು ತಾನೇ ಬಿಸಿಯಾಗಿಟ್ಟುಕೊಳ್ಳಲಾರದು. ಬಿಸಿ ಬೇಕಾದಾಗ ಬಿಸಿಯತ್ತ, ತಂಪು ಬೇಕಾದಾಗ ತಂಪಿನತ್ತ ಸರಿಯುತ್ತ ಮೈಯ ಶಾಖವನ್ನು ಹದಗೊಳಿಸಿಕೊಳ್ಳುತ್ತದೆ. ನುಂಗಿದ ಆಹಾರ ಜೀರ್ಣವಾಗುವುದು ಕೂಡ ಈ ಶಾಖವನ್ನೇ ಅವಲಂಬಿಸಿದೆ. ಆದ್ದರಿಂದ ಇಡೀ ಗೂಡಿಗೆ ಒಂದೇ ಉಷ್ಣಾಂಶ ಇರಕೂಡದು. ಬಿಸಿ ಬದಿಯಲ್ಲಿ ಹಾವು ಮಲಗುವ ಜಾಗ 31ರಿಂದ 33 ಡಿಗ್ರಿ ಸೆಲ್ಸಿಯಸ್, ತಣ್ಣನೆಯ ಬದಿ 24ರಿಂದ 27 ಡಿಗ್ರಿ ಇರುವುದು ಹಿತ. ಎರಡು ಬದಿಗಳ ನಡುವೆ ಈ ಅಂತರ ಉಳಿಯಬೇಕಾದರೆ ಗೂಡು ಉದ್ದವಾಗಿರಲೇಬೇಕು. ದೊಡ್ಡ ಗೂಡು ಬೇಕೆನ್ನಲು ಇದೂ ಒಂದು ಕಾರಣ.

ಶಾಖ ಕೊಡುವ ಸಾಧನಗಳಲ್ಲಿ ಛಾವಣಿಗೆ ಜೋಡಿಸುವ ಬಿಸಿ ಫಲಕ, ಬೆಳಕಿಲ್ಲದ ಸೆರಾಮಿಕ್ ಹೀಟರ್, ಹ್ಯಾಲೊಜನ್ ಬಲ್ಬು, ತಳಕ್ಕೆ ಅಂಟಿಸುವ ಬಿಸಿ ಚಾಪೆ ಮುಖ್ಯವಾದವು. ಯಾವುದನ್ನೇ ಬಳಸಿದರೂ ಥರ್ಮೋಸ್ಟಾಟ್ ಇಲ್ಲದೆ ಬಳಸಬಾರದೆಂಬುದು ಮೊದಲ ನಿಯಮ. ಗೂಡಿನ ಒಳಗೆ ಬಲ್ಬು ಅಥವಾ ಸೆರಾಮಿಕ್ ಹೀಟರ್ ಇದ್ದರೆ ಅದಕ್ಕೆ ಜಾಲರಿಯ ಕವಚ ಇರಬೇಕೆಂಬುದು ಎರಡನೆಯದು. ಮೈ ಸುಡುತ್ತಿದ್ದರೂ ಹಾವು ಬಿಸಿ ವಸ್ತುವಿಗೆ ಸುತ್ತಿಕೊಂಡೇ ಇರುವುದುಂಟು. ಪಶುವೈದ್ಯರ ಬಳಿಗೆ ಬರುವ ಸುಟ್ಟಗಾಯದ ಹಾವುಗಳ ಹಿಂದೆ ಹೆಚ್ಚಾಗಿ ಇರುವುದು ಇವೆರಡರಲ್ಲೊಂದು ಲೋಪ. ಒಳಗೆ ಬಿಸಿಯಾಗುವ ಕೃತಕ ಬಂಡೆಗಳನ್ನು ಇದೇ ಕಾರಣಕ್ಕೆ ದೂರವಿಡಬೇಕು.

ಕರ್ನಾಟಕದ ಹವೆ ಊರಿಂದೂರಿಗೆ ಬೇರೆ. ಮಂಗಳೂರಿನಲ್ಲಿ ವರ್ಷದ ಬಹುಪಾಲು ದಿನ ಹೊರಗಿನ ಗಾಳಿಯೇ ಬೆಚ್ಚಗಿರುತ್ತದೆ. ಬೆಂಗಳೂರಿನಲ್ಲಿ ಜನವರಿಯ ರಾತ್ರಿ ಉಷ್ಣಾಂಶ 15-16 ಡಿಗ್ರಿಯ ಆಸುಪಾಸಿಗೆ ಇಳಿಯುವುದರಿಂದ ಹೀಟರ್ ಇಲ್ಲದ ಗೂಡು ಹಾವಿಗೆ ಅಪಾಯಕಾರಿ. ಕಲಬುರಗಿಯ ಬೇಸಿಗೆಯಲ್ಲಿ ಪಾದರಸ 40 ಡಿಗ್ರಿ ದಾಟಿದಾಗ ಗೂಡನ್ನು ತಂಪಾಗಿಡುವುದೇ ಸಮಸ್ಯೆ. ವಿದ್ಯುತ್ ಖರ್ಚು ಹೆಚ್ಚೇನಲ್ಲ. 80 ವ್ಯಾಟ್‌ನ ಹೀಟರ್ ದಿನದ 24 ಗಂಟೆಯೂ ಉರಿದರೆ ಎರಡು ಯೂನಿಟ್‌ಗೆ ತುಸು ಕಡಿಮೆ. ಥರ್ಮೋಸ್ಟಾಟ್ ನಡುನಡುವೆ ಆರಿಸುವುದರಿಂದ ವಾಸ್ತವ ಬಳಕೆ ಇನ್ನೂ ಕಡಿಮೆ. ವಿದ್ಯುತ್ ಹೋದಾಗ ಗೂಡಿಗೆ ಗಾಳಿಯ ಕಿಂಡಿ ಬಿಟ್ಟು ಕಂಬಳಿ ಹೊದೆಸಿದರೆ ಕೆಲವು ಗಂಟೆ ಶಾಖ ಉಳಿಯುತ್ತದೆ. ಈ ವಿಷಯದಲ್ಲಿಯೂ ಗಾಜಿಗಿಂತ ಮರ ಮತ್ತು ಪಿವಿಸಿ ಮೇಲು.

ತೇವಾಂಶ ಮತ್ತು ನೆಲಹಾಸು

ಗಾಳಿಯ ತೇವಾಂಶ ಶೇ. 55ರಿಂದ 70ರ ನಡುವೆ ಇರುವುದು ಒಳ್ಳೆಯದು. ಪೊರೆ ಬಿಡುವ ದಿನಗಳಲ್ಲಿ ಮೇಲಿನ ಅಂಚಿಗೆ ಹತ್ತಿರವಿದ್ದರೆ ಇನ್ನೂ ಉತ್ತಮ. ಆರೋಗ್ಯವಂತ ಹಾವಿನ ಪೊರೆ ಕಾಲುಚೀಲ ಕಳಚಿದಂತೆ ಇಡಿಯಾಗಿ ಬರುತ್ತದೆ. ಗಾಳಿ ಒಣಗಿದ್ದರೆ ಅದು ಚೂರುಚೂರಾಗಿ ಹರಿದು, ಕಣ್ಣಿನ ಮೇಲೂ ಬಾಲದ ತುದಿಯಲ್ಲೂ ಅಂಟಿಕೊಂಡು ಉಳಿಯುತ್ತದೆ.

ತೇವಾಂಶದ ಗುಟ್ಟು ಸಿಂಪಡಣೆಯಲ್ಲಿಲ್ಲ, ನೆಲಹಾಸಿನಲ್ಲಿದೆ. ತೆಂಗಿನ ನಾರಿನ ಪುಡಿ ಮತ್ತು ತುಣುಕುಗಳನ್ನು 8ರಿಂದ 10 ಸೆಂ.ಮೀ. ದಪ್ಪಕ್ಕೆ ಹರಡಿ, ಮೂಲೆಗಳಲ್ಲಿ ನೀರು ಸುರಿದು, ಕೆಳಪದರ ಪಸೆಯಾಗಿಯೂ ಮೇಲ್ಪದರ ಒಣಗಿಯೂ ಇರುವಂತೆ ಮಾಡಿದರೆ ತೇವಾಂಶ ದಿನಗಟ್ಟಲೆ ನಿಲ್ಲುತ್ತದೆ. ತೆಂಗಿನ ನಾಡಾದ ಕರ್ನಾಟಕದಲ್ಲಿ ಇದು ನರ್ಸರಿಗಳಲ್ಲಿ ಸುಲಭವಾಗಿ ಸಿಗುವ ವಸ್ತು. ಮೇಲ್ಪದರವೂ ಸದಾ ಒದ್ದೆಯಿದ್ದರೆ ಹೊಟ್ಟೆಯ ಹುರುಪೆಗಳು ಕೊಳೆಯುವ ರೋಗ ಬರುತ್ತದೆ. ಒಣ ಮರಳು ಸೂಕ್ತವಲ್ಲ. ದೇವದಾರುವಿನಂತಹ ಸುವಾಸನೆಯ ಮರದ ಹೊಟ್ಟು ಹಾವಿನ ಉಸಿರಾಟಕ್ಕೆ ಹಾನಿಕರ. ಹಳೆಯ ವೃತ್ತಪತ್ರಿಕೆ ಅಗ್ಗ, ಸ್ವಚ್ಛ, ತಾತ್ಕಾಲಿಕ ಗೂಡಿಗೆ ಯೋಗ್ಯ. ಆದರೆ ಅದು ತೇವಾಂಶ ಹಿಡಿಯದು, ಹೂತುಕೊಳ್ಳಲೂ ಬಾರದು.

ಒಳಗಿನ ಸಜ್ಜು

ಬಿಸಿ ಬದಿಗೊಂದು, ತಣ್ಣನೆಯ ಬದಿಗೊಂದು, ಕನಿಷ್ಠ ಎರಡು ಅಡಗುತಾಣಗಳು ಬೇಕು. ಒಂದೇ ಇದ್ದರೆ ಹಾವು ಮರೆಯನ್ನು ಆರಿಸಿ ಹಿತವಾದ ಶಾಖವನ್ನು ಬಿಡಬೇಕಾಗುತ್ತದೆ, ಇಲ್ಲವೇ ಶಾಖವನ್ನು ಆರಿಸಿ ಮರೆಯನ್ನು ಬಿಡಬೇಕಾಗುತ್ತದೆ. ಅಡಗುತಾಣ ಹುತ್ತದಂತೆ ಇಕ್ಕಟ್ಟಾಗಿರಲಿ. ಒಳಗೆ ಸುತ್ತಿ ಮಲಗಿದ ಹಾವಿನ ಬೆನ್ನು ಮತ್ತು ಬದಿಗಳು ಗೋಡೆಗೆ ತಾಗುವಂತಿರಬೇಕು, ಪ್ರವೇಶಕ್ಕೆ ಒಂದೇ ಬಾಯಿ ಇರಬೇಕು. ಅಂಚು ಒರಟಿಲ್ಲದಂತೆ ಉಜ್ಜಿ ಬಾಯಿ ಕೊರೆದ ಮಣ್ಣಿನ ಕುಂಡವನ್ನು ಬೋರಲು ಹಾಕಿದರೂ ನಡೆಯುತ್ತದೆ. ಹಾವು ಬೆಳೆದಂತೆ ಇದನ್ನು ಬದಲಿಸುತ್ತಿರಬೇಕು.

ಹಾವು ಮೈ ಮುಳುಗಿಸಬಹುದಾದಷ್ಟು ದೊಡ್ಡದಾದ, ಮಗುಚದ ನೀರಿನ ಬಟ್ಟಲು ಬೇಕು. ಅಲ್ಲಾಡದಂತೆ ಭದ್ರಪಡಿಸಿದ ದಪ್ಪನೆಯ ಕೊಂಬೆಗಳಿದ್ದರೆ ಹಾವು ಇರುಳಿನಲ್ಲಿ ಅವುಗಳನ್ನು ಬಳಸುವುದು ಕಾಣಿಸುತ್ತದೆ. ಹಗಲು ಇರುಳುಗಳ ಅರಿವಿಗೆ 12 ಗಂಟೆ ಬೆಳಕು, 12 ಗಂಟೆ ಕತ್ತಲೆ ಬೇಕು. ರಾತ್ರಿ ಕೆಂಪು, ನೀಲಿ ಬಲ್ಬು ಉರಿಸುವ ರೂಢಿ ಒಳ್ಳೆಯದಲ್ಲ. ಮಂದವಾದ ನೇರಳಾತೀತ ದೀಪ ಕಡ್ಡಾಯವಲ್ಲವಾದರೂ ಈಚಿನ ವರ್ಷಗಳಲ್ಲಿ ಹಲವು ತಜ್ಞರು ಅದನ್ನು ಶಿಫಾರಸು ಮಾಡುತ್ತಾರೆ. ಎರಡೂ ಬದಿಗಳಲ್ಲಿ ಡಿಜಿಟಲ್ ಉಷ್ಣಮಾಪಕ, ಒಂದು ಆರ್ದ್ರತಾಮಾಪಕ ಇರಲೇಬೇಕು. ಗೋಡೆಗೆ ಅಂಟಿಸುವ ಮುಳ್ಳಿನ ಮಾಪಕಗಳನ್ನು ನಂಬುವಂತಿಲ್ಲ.

ಒಂದು ಗೂಡಿಗೆ ಒಂದೇ ಹಾವು

ಜೊತೆಗಿರಲೆಂದು ಎರಡು ಹಾವುಗಳನ್ನು ಒಂದೇ ಗೂಡಿನಲ್ಲಿ ಇಡುವುದು ಮನುಷ್ಯರ ಭಾವನೆಯೇ ಹೊರತು ಹಾವಿನದ್ದಲ್ಲ. ಒಂದರ ಮೇಲೊಂದು ಮಲಗಿದ ಹಾವುಗಳು ಪ್ರೀತಿ ತೋರುತ್ತಿವೆ ಎನ್ನುವುದಕ್ಕಿಂತ ಒಂದೇ ಒಳ್ಳೆಯ ಜಾಗಕ್ಕಾಗಿ ಪೈಪೋಟಿ ನಡೆಸುತ್ತಿವೆ ಎನ್ನುವುದೇ ಹೆಚ್ಚು ಸರಿ. ಹೊಸ ಹಾವನ್ನು ಹಳೆಯದರಿಂದ ದೂರ, ಬೇರೆ ಕೋಣೆಯಲ್ಲಿ ಕನಿಷ್ಠ ಮೂರು ತಿಂಗಳು ಇರಿಸಬೇಕು. ಹಾವಿನ ಉಣ್ಣೆಗಳು ಗೂಡಿನಿಂದ ಗೂಡಿಗೆ ಹರಿದಾಡುತ್ತವೆ. ಪೈಥಾನ್‌ಗಳ ಶ್ವಾಸಕೋಶಕ್ಕೆ ಮಾರಕವಾದ ನಿಡೊವೈರಸ್ ಅನ್ನು ವಿಜ್ಞಾನಿಗಳು 2014ರಲ್ಲಿ ವರ್ಣಿಸಿದರು. ಸರೀಸೃಪಗಳ ಮೈಯಲ್ಲಿ ಸಾಲ್ಮೊನೆಲ್ಲಾ ರೋಗಾಣು ಇರಬಹುದಾದ್ದರಿಂದ ಗೂಡು ಮುಟ್ಟಿದ ಬಳಿಕ ಸಾಬೂನಿನಿಂದ ಕೈ ತೊಳೆಯಬೇಕು, ಗೂಡಿನ ಪಾತ್ರೆಗಳನ್ನು ಅಡುಗೆಮನೆಯಲ್ಲಿ ತೊಳೆಯಬಾರದು. ಐದು ವರ್ಷದೊಳಗಿನ ಮಕ್ಕಳಿರುವ ಮನೆಗಳಲ್ಲಿ ವಿಶೇಷ ಎಚ್ಚರ ಅಗತ್ಯ.

ಗೂಡು ಸರಿಯಿಲ್ಲವೆಂದು ಹಾವು ಹೇಳುವ ಬಗೆ

ಹಾವು ಕೂಗುವುದಿಲ್ಲ, ಗೋಗರೆಯುವುದಿಲ್ಲ. ಅದರ ದೂರುಗಳನ್ನು ವರ್ತನೆಯಲ್ಲಿ ಓದಬೇಕು. ಸದಾ ನೀರಿನ ಬಟ್ಟಲಿನಲ್ಲಿಯೇ ಬಿದ್ದಿದ್ದರೆ ಶಾಖ ಹೆಚ್ಚಾಗಿರಬಹುದು, ಗಾಳಿ ಒಣಗಿರಬಹುದು ಅಥವಾ ಮೈಯಲ್ಲಿ ಉಣ್ಣೆಯಿರಬಹುದು. ಇರುಳೆಲ್ಲ ಗಾಜಿಗೆ ಮೂತಿ ತಿಕ್ಕುತ್ತಿದ್ದರೆ ಮರೆಯ ಕೊರತೆ ಅಥವಾ ಜಾಗದ ಕೊರತೆ. ತಣ್ಣನೆಯ ಬದಿಯನ್ನು ಎಂದೂ ಬಿಡದಿದ್ದರೆ ಬಿಸಿ ಬದಿ ಅತಿಯಾಗಿದೆ. ಉಸಿರಾಡುವಾಗ ಸುಂಯ್‌ಗುಡುವುದು, ಬಾಯಿ ತೆರೆದು ಉಸಿರಾಡುವುದು, ಬಾಯಲ್ಲಿ ಗುಳ್ಳೆ ಕಾಣುವುದು ಶ್ವಾಸಕೋಶದ ಸೋಂಕಿನ ಲಕ್ಷಣಗಳಾಗಿದ್ದು, ತಡಮಾಡದೆ ಸರೀಸೃಪಗಳನ್ನು ಬಲ್ಲ ಪಶುವೈದ್ಯರಿಗೆ ತೋರಿಸಬೇಕು. ಬಾಲ್ ಪೈಥಾನ್ ತಿಂಗಳುಗಟ್ಟಲೆ ಆಹಾರ ಬಿಡುವುದು ಕೆಲವೊಮ್ಮೆ ಸಹಜ. ತೂಕ ಇಳಿಯುತ್ತಿದ್ದರೆ ಮಾತ್ರ ಮೊದಲು ಗೂಡಿನ ಶಾಖ, ತೇವಾಂಶ ಮತ್ತು ಮರೆಯನ್ನು ಪರೀಕ್ಷಿಸಿ, ಆಮೇಲೆ ವೈದ್ಯರನ್ನು ಕಾಣುವುದು ಕ್ರಮ.

ಕಾನೂನು ಏನು ಹೇಳುತ್ತದೆ?

ಬಾಲ್ ಪೈಥಾನ್ ಸೈಟಿಸ್ ಒಪ್ಪಂದದ ಎರಡನೇ ಅನುಬಂಧದಲ್ಲಿರುವ ಜೀವಿ. ಅನುಮತಿಪತ್ರವಿಲ್ಲದೆ ಅದನ್ನು ದೇಶದಿಂದ ದೇಶಕ್ಕೆ ಸಾಗಿಸುವಂತಿಲ್ಲ. ಭಾರತದ ವನ್ಯಜೀವಿ (ಸಂರಕ್ಷಣೆ) ಕಾಯಿದೆ, 1972ಕ್ಕೆ 2022ರಲ್ಲಿ ತಂದ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದ್ದು, ಸೈಟಿಸ್ ಪಟ್ಟಿಯ ಜೀವಿಗಳನ್ನು ಕಾಯಿದೆಯ ನಾಲ್ಕನೇ ಅನುಸೂಚಿಗೆ ಸೇರಿಸಿದೆ. 2024ರ ಫೆಬ್ರುವರಿಯಲ್ಲಿ ಪ್ರಕಟವಾದ ನಿಯಮಗಳ ಪ್ರಕಾರ ಇಂತಹ ಜೀವಿಯನ್ನು ಹೊಂದಿದವರು ಕೇಂದ್ರ ಸರ್ಕಾರದ ಪರಿವೇಶ್ ಜಾಲತಾಣದ ಮೂಲಕ ನೋಂದಣಿ ಮಾಡಿಸಬೇಕು. ಮರಿಯಾದುದು, ಸತ್ತದ್ದು, ಕೈಬದಲಾದುದನ್ನೂ ತಿಳಿಸಬೇಕು. ಸರಿಯಾದ ದಾಖಲೆಯಿಲ್ಲದ ಹಾವನ್ನು ಕೊಳ್ಳುವುದೆಂದರೆ ಕಳ್ಳಸಾಗಣೆಗೆ ಹಣ ಕೊಟ್ಟಂತೆ. ನಮ್ಮ ನಾಡಿನ ಹೆಬ್ಬಾವಿನ ವಿಷಯವೇ ಬೇರೆ. ಅದು ಮೊದಲನೇ ಅನುಸೂಚಿಯಲ್ಲಿದ್ದು, ಮನೆಯಲ್ಲಿ ಸಾಕುವುದು ಅಪರಾಧ.

ಕಳ್ಳಸಾಗಣೆಯ ಕ್ರೌರ್ಯ ಎಂತಹುದೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಕೆಂಪೇಗೌಡ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣದಲ್ಲಿ ಬ್ಯಾಂಕಾಕ್‌ನಿಂದ ಬಂದಿದ್ದ ಸಾಮಾನಿನಲ್ಲಿ 55 ಬಾಲ್ ಪೈಥಾನ್‌ಗಳು ಮತ್ತು 17 ಕಾಳಿಂಗ ಸರ್ಪಗಳು ಕಸ್ಟಮ್ಸ್ ಅಧಿಕಾರಿಗಳಿಗೆ ಸಿಕ್ಕಿದ್ದವು. ಜೊತೆಯಲ್ಲಿದ್ದ 6 ಕಪುಚಿನ್ ಕೋತಿಗಳು ಸತ್ತಿದ್ದವು. ಕಾಡಿನಲ್ಲಿಯೂ ಈ ಹಾವಿನ ಸ್ಥಿತಿ ನೆಮ್ಮದಿಯದ್ದಲ್ಲ. ಅಂತಾರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ ಇದನ್ನು ಅಪಾಯದ ಅಂಚಿಗೆ ಸಮೀಪಿಸಿರುವ ಜೀವಿಗಳ ಪಟ್ಟಿಯಲ್ಲಿರಿಸಿದೆ. ಸಾಕಲಾಗದೆ ಹೋದ ಹಾವನ್ನು ಇಲ್ಲಿನ ಕಾಡಿಗೆ ಬಿಡುವುದು ಪರಿಹಾರವಲ್ಲ. ಪರದೇಶದ ಹಾವು ಇಲ್ಲಿ ಸಾಯಬಹುದು, ಇಲ್ಲವೇ ಇಲ್ಲಿನ ಜೀವಿಗಳಿಗೆ ರೋಗ ಹರಡಬಹುದು. ಅರಣ್ಯ ಇಲಾಖೆಗೆ ತಿಳಿಸುವುದೇ ಸರಿಯಾದ ದಾರಿ.

ಮೊದಲು ಗೂಡು, ಆಮೇಲೆ ಹಾವು

ಹಾವನ್ನು ತಂದ ಮೇಲೆ ಗೂಡು ಹುಡುಕುವುದು ಸಾಮಾನ್ಯವಾಗಿ ಕಾಣುವ ಕ್ರಮ. ಅದು ತಲೆಕೆಳಗಾಗಬೇಕು. ಕಾನೂನಿನ ದಾಖಲೆಗಳನ್ನು ಖಚಿತಪಡಿಸಿಕೊಂಡು, ಗೂಡನ್ನು ಮಾಡಿಸಿ, ಹೀಟರ್, ಥರ್ಮೋಸ್ಟಾಟ್, ನೆಲಹಾಸು, ಅಡಗುತಾಣ ಎಲ್ಲವನ್ನೂ ಜೋಡಿಸಿ, ಒಂದೆರಡು ವಾರ ಖಾಲಿ ಗೂಡನ್ನೇ ನಡೆಸಿ ನೋಡಬೇಕು. ಬೆಳಗಿನ ಜಾವ ಎಷ್ಟು ತಣ್ಣಗಾಗುತ್ತದೆ, ಮಧ್ಯಾಹ್ನ ಎಷ್ಟು ಬಿಸಿಯೇರುತ್ತದೆ, ವಿದ್ಯುತ್ ಹೋದಾಗ ಏನಾಗುತ್ತದೆ, ತೇವಾಂಶ ಎಷ್ಟು ದಿನ ನಿಲ್ಲುತ್ತದೆ ಎಂಬುದನ್ನು ಬರೆದಿಟ್ಟುಕೊಂಡು ಸರಿಪಡಿಸಿಕೊಳ್ಳಬೇಕು. ಈ ಎರಡು ವಾರಗಳ ತಾಳ್ಮೆಯಿಲ್ಲದವರು ಮುಂದಿನ ಮೂವತ್ತು ವರ್ಷಗಳ ಹೊಣೆಯನ್ನು ಹೊರುವುದು ಕಷ್ಟ. ನಾಲ್ಕು ಅಡಿಯ ಗೂಡಿಗೆ ಮನೆಯಲ್ಲಿ ಜಾಗವಿಲ್ಲದಿದ್ದರೆ ಹಾವನ್ನು ತರದಿರುವುದೇ ಹಾವಿಗೆ ಮಾಡುವ ಉಪಕಾರ.

ಗೆದ್ದಲು ತನಗಾಗಿ ಕಟ್ಟಿದ ಹುತ್ತದಲ್ಲಿ ಹಾವು ತನಗೆ ಬೇಕಾದ ಜಾಗವನ್ನು ತಾನೇ ಹುಡುಕಿಕೊಂಡಿತ್ತು. ಅಲ್ಲಿಂದ ಎತ್ತಿ ತಂದ ಬಳಿಕ ಆ ಆಯ್ಕೆ ಅದರ ಕೈಯಲ್ಲಿಲ್ಲ. ಹಾವಿಗಾಗಿಯೇ ಹುತ್ತ ಕಟ್ಟುವ ಕೆಲಸ ಈಗ ಸಾಕುವವರದ್ದು.